ತೌರಿನಮ್ಮನ ಕೊನೆಯ ಚರಣ

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಮೊದಲು ಶಿವ, ಆಮೇಲೆ ಇಡ್ಲಿ, ಆಮೇಲೆ ಅಮೆರಿಕ. ಈ ಕ್ರಮ ಹಾಕಿಕೊಟ್ಟವಳು ಅಜ್ಜಿ, ನನ್ನ ಅಪ್ಪನ ತಾಯಿ. ಅವಳು ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ, ಅಪ್ಪ ಹಾಡಿನ ಪೆಟ್ಟಿಗೆಯ ಮುಚ್ಚಳ ತೆಗೆಯುವಂತಿರಲಿಲ್ಲ. ನಾನು ಹಸಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಇಡ್ಲಿ ಪಾತ್ರೆಯ ಹಬೆ ನೋಡುತ್ತಿದ್ದರೆ, ಅಪ್ಪ ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಪ್ಲೇಟುಗಳನ್ನು ಒಂದೊಂದಾಗಿ ತೊಡೆಯ ಮೇಲೆ ತೆಗೆದುಕೊಂಡು ಹಳೆಯ ಮಲ್ ಪಂಚೆಯ ತುಂಡಿನಿಂದ ಒರೆಸುತ್ತಿದ್ದ. ಗ್ರಾಮಫೋನ್ ರೆಕಾರ್ಡಿಗೆ ನಮ್ಮಲ್ಲಿ ಪ್ಲೇಟು ಎಂದೇ ಹೆಸರು. ಒರೆಸುವುದು ಮುಗಿದರೂ ಅಜ್ಜಿಯ ಶಿವ ಏಳುತ್ತಿರಲಿಲ್ಲ. ಅಪ್ಪ ಮತ್ತೆ ಮೊದಲಿನಿಂದ ಒರೆಸುತ್ತಿದ್ದ. ಅಷ್ಟು ತಾಳ್ಮೆಯ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ತಾಳ್ಮೆ ಕಳೆದುಕೊಂಡ, ಅದು ಆ ಪ್ಲೇಟುಗಳ ವಿಷಯಕ್ಕೇ.

ಮನೆ ಇದ್ದದ್ದು ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ. ಆಗಿನ್ನೂ ನಮ್ಮ ಬೀದಿಯ ಅರ್ಧ ಸೈಟುಗಳಲ್ಲಿ ಮನೆಗಳಿರಲಿಲ್ಲ, ಎಕ್ಕದ ಗಿಡಗಳಿದ್ದವು. ಕೆಂಪು ಗಾರೆಯ ನಡುಮನೆ, ಅದರ ಹಿಂದೆ ನೇರವಾಗಿ ಅಡುಗೆಮನೆ, ಎರಡರ ನಡುವೆ ಬಾಗಿಲಿಲ್ಲದ ಬರೀ ಚೌಕಟ್ಟು. ಬಾಗಿಲು ಹಾಕಿಸುತ್ತೇನೆಂದು ಅಪ್ಪ ಹೇಳುತ್ತಲೇ ಇದ್ದ, ಹಾಕಿಸಲಿಲ್ಲ. ಹಾಗಾಗಿ ನಡುಮನೆಯಲ್ಲಿ ಆಡಿದ್ದು ಅಡುಗೆಮನೆಗೆ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದ್ದು ನಡುಮನೆಗೆ ತಪ್ಪದೆ ತಲುಪುತ್ತಿತ್ತು. ಕಿಟಕಿಯ ಕೆಳಗಿನ ಗೂಡಿನಲ್ಲಿ ಆ ಪೆಟ್ಟಿಗೆ ಇತ್ತು. ತಿಳಿಹಸಿರು ರೆಕ್ಸಿನ್ ಹೊದಿಸಿದ್ದ, ಸೂಟ್‌ಕೇಸಿನ ಹಾಗೆ ಮುಚ್ಚಿಕೊಳ್ಳುವ ಕರೆಂಟಿನ ಪ್ಲೇಯರು. ಮುಚ್ಚಳ ತೆಗೆದರೆ ಅದರಲ್ಲೇ ಸ್ಪೀಕರು. ಅದರ ಪಕ್ಕ, ಸೇಬು ತುಂಬಿ ಬರುವಂಥ ಒಂದು ಮರದ ಪೆಟ್ಟಿಗೆಯ ತುಂಬ ಪ್ಲೇಟುಗಳು. ಇವು ಯಾವುವೂ ನಮ್ಮವಲ್ಲ.

ಅವು ಡೆಸ್ಮಂಡ್ ಅಂಕಲ್‌ರವು. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಡೆಸ್ಮಂಡ್ ಅಂಕಲ್ ಅವನ ಪಕ್ಕದ ಮೆಷಿನ್ನಿನವರು. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಆಂಗ್ಲೋ ಇಂಡಿಯನ್ನರು, ಬೆಳ್ಳಗೆ, ಎತ್ತರಕ್ಕೆ, ಕೂದಲಿಗೆ ಎಣ್ಣೆ ಹಚ್ಚಿ ಮುಂದಕ್ಕೆ ಉಬ್ಬಿಸಿ ಬಾಚುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಅಪ್ಪನ ಡಬ್ಬಿಯ ಕಡಲೆಕಾಯಿ ಚಟ್ನಿಪುಡಿಗೆ ಅವರು ಮನಸೋತಿದ್ದರಂತೆ. ಅದನ್ನು ಕುಟ್ಟುತ್ತಿದ್ದವಳು ನನ್ನ ಗಿರಿಜತ್ತೆ, ಅಪ್ಪನ ತಂಗಿ. ಚಟ್ನಿಪುಡಿಯ ದಾರಿಯಲ್ಲೇ ಅವರು ನಮ್ಮ ಮನೆಗೂ ಬಂದು ಹೋಳಿಗೆ ತಿಂದು ಹೋದರು. ಅವರ ಸಂಸಾರವೆಲ್ಲ ಆಸ್ಟ್ರೇಲಿಯಾಕ್ಕೆ ಹೊರಟಾಗ ಆಟೋದಲ್ಲಿ ಪೆಟ್ಟಿಗೆಗಳನ್ನು ತಂದು ನಡುಮನೆಯಲ್ಲಿ ಇಳಿಸಿದರು. ಅವರ ಬಾಯಲ್ಲಿ ಅಪ್ಪ ಮಲ್ಲಿ.

"ಮಲ್ಲಿ, ಹಡಗಲ್ಲಿ ಹಾಕಿದ್ರೆ ಇದೆಲ್ಲಾ ಒಡ್ದೋಗತ್ತೆ ಮ್ಯಾನ್. ನಿನ್ ಮನೇಲಿರ್ಲಿ. ಅಲ್ಲಿ ಸೆಟಲ್ ಆದ್ಮೇಲೆ ಹೇಳ್ತೀನಿ, ಕಳ್ಸು."

"ಅಲ್ಲಿವರ್ಗೂ ಹಂಗೇ ಇಟ್ಟಿರ್ಲಾ?" ಎಂದು ಕೇಳಿದ ಅಪ್ಪ.

"ಹಂಗೇ ಯಾಕೆ ಇಡ್ತೀಯಾ, ಹಾಕು. ಸುಮ್ನೆ ಇಟ್ರೆ ಪ್ಲೇಟು ಸತ್ತೋಗತ್ತೆ."

ಹೀಗೆ, ಪ್ಲೇಟು ಸಾಯದಿರಲಿ ಎಂಬ ಕರ್ತವ್ಯದ ಮೇಲೆ ಶುರುವಾದದ್ದು ನಮ್ಮ ಮನೆಯ ಭಾನುವಾರ. ಅಮೆರಿಕದ ಹಳ್ಳಿಗಾಡಿನ ಹಾಡುಗಳು ಕೆಲವು, ಅದೇ ಹಳ್ಳಿಯ ಹುಡುಗರು ಪೇಟೆಗೆ ಬಂದು ಸೊಂಟ ಕುಣಿಸಿಕೊಂಡು ಹಾಡಿದಂಥವು ಕೆಲವು. ಒಂದಕ್ಕೆ ಕಂಟ್ರಿ, ಇನ್ನೊಂದಕ್ಕೆ ರಾಕಬಿಲ್ಲಿ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮನೆಯಲ್ಲಿ ಆ ಹಾಡುಗಾರರ ನಿಜವಾದ ಹೆಸರು ಯಾರ ಬಾಯಿಗೂ ಹೊರಳುತ್ತಿರಲಿಲ್ಲವಾದ್ದರಿಂದ ಅಜ್ಜಿಯೇ ಎಲ್ಲರಿಗೂ ನಾಮಕರಣ ಮಾಡಿದಳು. ಹಾಡುಹಾಡುತ್ತ ಗಂಟಲಲ್ಲಿ ಬಿಕ್ಕುತ್ತಿದ್ದ ತರುಣ ಬಿಕ್ಕಳಿಕೆ ಸಿದ್ದಪ್ಪನಾದ. ಬಚ್ಚಲಮನೆಯಲ್ಲಿ ನಿಂತು ಹಾಡಿದ ಹಾಗೆ ಅವನ ದನಿ ಅನುರಣಿಸುತ್ತಿತ್ತು, ಹಿಂದೆ ಯಾರೋ ದೊಡ್ಡ ಪಿಟೀಲಿನ ದಪ್ಪ ತಂತಿಯನ್ನು ಎಳೆದೆಳೆದು ಮರಕ್ಕೆ ಬಡಿಯುತ್ತಿದ್ದರು. ಯಾವ ಹಾಡು ಹಾಡಿದರೂ ಅದರಲ್ಲೊಂದು ರೈಲು ತರುತ್ತಿದ್ದವನು ರೈಲು ರಾಚಪ್ಪ. ಹೆಂಡತಿ ಬಿಟ್ಟು ಹೋದಳೆಂದು ಕುಡಿದು ಗೋಳಾಡುತ್ತಿದ್ದವನು ಗೋಳು ಗುರುಬಸಪ್ಪ. ಅವನ ಹಿಂದೆ ಒಂದು ಗಿಟಾರು ಜಾರಿ ಜಾರಿ ಅಳುತ್ತಿತ್ತು, ಥೇಟ್ ಮನುಷ್ಯರ ಹಾಗೆ.

ಅಪ್ಪ ಹಾಡಿನ ಅರ್ಥ ಹೇಳುತ್ತಿದ್ದ. ಅವನ ಇಂಗ್ಲಿಷ್ ಕಾರ್ಖಾನೆಯ ಇಂಗ್ಲಿಷ್, ಆದರೆ ಡೆಸ್ಮಂಡ್ ಅಂಕಲ್ ಹೋಗುವ ಮೊದಲು ಒಂದೊಂದು ಹಾಡನ್ನೂ ಅವನಿಗೆ ಬಿಡಿಸಿ ಹೇಳಿದ್ದರು. ಅಪ್ಪ ಅದನ್ನು ನಮ್ಮ ಮನೆಗೆ ಹೊಂದುವ ಹಾಗೆ ಸ್ವಲ್ಪ ತಿದ್ದಿ ಬಡಿಸುತ್ತಿದ್ದ.

"ಹೆಂಡ್ತಿ ಬಿಟ್ಟೋಗಿದಾಳೆ ಅವ್ವ. ಆ ಬೇಜಾರಿಗೆ ಬೆಳಗಾಗೋವರ್ಗೂ ಒಬ್ನೇ ಕಾಫಿ ಕುಡೀತಾ ಕೂತಿದಾನೆ."

"ಅಷ್ಟು ಕಾಫಿ ಕುಡಿದ್ರೆ ಪಿತ್ತ ಕೆರಳಲ್ವೇನೋ," ಎನ್ನುತ್ತಿದ್ದಳು ಅಜ್ಜಿ. ಸಿದ್ದಪ್ಪ ಬಿಕ್ಕಲು ಶುರುಮಾಡಿದರೆ, "ಆ ಹುಡ್ಗಂಗೆ ಒಂದ್ಲೋಟ ನೀರು ಕೊಡ್ರೋ ಯಾರಾದ್ರೂ," ಎನ್ನುತ್ತಿದ್ದಳು. ಅಮ್ಮ ನಗು ತಡೆಯಲಾಗದೆ ಹಿತ್ತಲಿಗೆ ಹೋಗುತ್ತಿದ್ದಳು.

ಗಿರಿಜತ್ತೆಯ ಮಟ್ಟಿಗೆ ಈ ಜನ ನೆಂಟರೇ ಆಗಿಬಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದ್ದಳು. ಚಟ್ನಿಪುಡಿ ಕುಟ್ಟುವಾಗ ಸಿದ್ದಪ್ಪನೇ ಬೇಕು, ಅವನ ತಂತಿ ಬಡಿಯುವ ಲಯಕ್ಕೆ ಒರಳಿನ ಹಾರೆ ತಾನಾಗಿಯೇ ಏಳುತ್ತದೆ ಎನ್ನುತ್ತಿದ್ದಳು. ನೆನೆಸಿದ ಅವರೆಕಾಳು ಚಿಲುಕಿ ಸಿಪ್ಪೆ ಬಿಡಿಸುವಾಗ ರಾಚಪ್ಪ. ಗುರುಬಸಪ್ಪ ಈರುಳ್ಳಿಗೆ. ಕೆಲಸವಿಲ್ಲದೆ ಸುಮ್ಮನೆ ಕೂತು ಕೇಳುತ್ತಿದ್ದದ್ದು ಒಬ್ಬಳನ್ನೇ. ಆ ಪೆಟ್ಟಿಗೆಯಲ್ಲಿದ್ದ ಏಕೈಕ ಹೆಂಗಸು, ಅಜ್ಜಿ ಮುಂದೆ ತೌರಿನಮ್ಮ ಎಂದು ಕರೆದವಳು. ಅವಳ ದನಿ ಏರುವಾಗ ನಡುವೆ ಒಂದು ಕಡೆ ಸೀಳುತ್ತಿತ್ತು. ತಪ್ಪಿ ಸೀಳಿದ್ದಲ್ಲ, ಬೇಕೆಂದೇ ಸೀಳಿದ್ದು. ಗಿರಿಜತ್ತೆಗೆ ಇಂಗ್ಲಿಷಿನ ಎ ಬಿ ಸಿ ಬರುತ್ತಿರಲಿಲ್ಲ, ಆದರೆ ತೌರಿನಮ್ಮನ ಪ್ಲೇಟಿನ ಮೊದಲ ಮಗ್ಗುಲಿನ ಕೊನೆಯ ಹಾಡನ್ನು ಆ ಸೀಳಿನ ಸಮೇತ ಕಲಿತುಬಿಟ್ಟಿದ್ದಳು. ಅವಳು ಅಡುಗೆಮನೆಯಿಂದ ದನಿ ಸೇರಿಸಿದಾಗ ಪ್ಲೇಟಿನವಳು ಯಾರು, ಮನೆಯವಳು ಯಾರು ಎಂದು ಬಿಡಿಸುವುದು ಕಷ್ಟವಾಗುತ್ತಿತ್ತು. ಎದುರು ಮನೆಯವರು ಗೇಟಿನ ಹತ್ತಿರ ನಿಂತು ಕೇಳುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಅಪ್ಪ ಮೆಲ್ಲಗೆ ಕೈಚಾಚಿ ಪ್ಲೇಯರಿನ ಸದ್ದು ಸ್ವಲ್ಪ ಇಳಿಸುತ್ತಿದ್ದ, ತಂಗಿಯದು ಕೇಳಲಿ ಎಂದು.

ಆ ಹಾಡಿನ ಅರ್ಥವನ್ನು ಅಪ್ಪ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ನನಗಾಗ ಒಂಬತ್ತು ವರ್ಷ, ಕನ್ನಡ ಮೀಡಿಯಂ. ಅಜ್ಜಿ ಗೋಡೆಗೊರಗಿ ಬತ್ತಿ ಹೊಸೆಯುತ್ತಿದ್ದಳು, ಅತ್ತೆ ಚೌಕಟ್ಟಿಗೆ ಆತುಕೊಂಡು ನಿಂತಿದ್ದಳು.

"ಗಂಡನ ಮನೆ ಬಿಟ್ಟು ಹೊರಟಿದಾಳೆ. ಕೈಯಲ್ಲೊಂದು ಪೆಟ್ಟಿಗೆ. ಹಳ್ಳ ದಾಟ್ತಾಳೆ, ಹಿಟ್ಟಿನ ಗಿರಣಿ ದಾಟ್ತಾಳೆ. ತೌರುಮನೆ ಹೆಂಚು ಕಾಣತ್ತೆ. ಗೇಟ್ ಹತ್ರ ನಿಂತು ನಾನು ಬಂದಿದೀನಿ ಅಂತ ಕೂಗ್ತಾಳೆ."

"ಆಮೇಲೆ? ಬಾಗ್ಲು ತೆಗೆದ್ರಾ?" ಎಂದಳು ಅಜ್ಜಿ.

ಅಪ್ಪ ಒಂದು ಗಳಿಗೆ ಸುಮ್ಮನಿದ್ದ. ಇಂಗ್ಲಿಷನ್ನು ಕನ್ನಡ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ ನಾನು.

"ತೆಗೆದ್ರು ಅವ್ವ. ತೆಗ್ದು, ಊಟ ಆಯ್ತಾ ಅಂತ ಕೇಳಿದ್ರು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಅವಳು ಹೋದದ್ದೇಕೆ ಎಂದು ನನಗೆ ಅಮ್ಮನಿಂದ ಆಮೇಲೆ ತಿಳಿಯಿತು. ನಾನು ಹುಟ್ಟುವುದಕ್ಕೆ ಮೊದಲೇ ಗಿರಿಜತ್ತೆ ಒಂದು ಟ್ರಂಕು ಹಿಡಿದು ಗಂಡನ ಮನೆಯಿಂದ ಒಬ್ಬಳೇ ಬಂದುಬಿಟ್ಟಿದ್ದಳಂತೆ. ಬಾಗಿಲು ತೆಗೆದವನು ಅಪ್ಪ. ಯಾಕೆ, ಏನು ಒಂದೂ ಕೇಳದೆ ಟ್ರಂಕು ಇಸಿದುಕೊಂಡು, ಊಟ ಆಯ್ತಾ ಎಂದನಂತೆ. ಅಂದಿನಿಂದ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಅವಳು ಯಾಕೆ ಬಂದಳೆಂದು ಅಜ್ಜಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಕೇಳದೆ ಇರುವುದೇ ನಮ್ಮ ಮನೆಯ ಮರ್ಯಾದೆ. ಆ ಮರ್ಯಾದೆಯೇ ಮುಂದೆ ನಮಗೆ ಮುಳುವಾಯಿತು ಎಂದು ಈಗ ಅನ್ನಿಸುತ್ತದೆ.

ಅದೇ ವರ್ಷದ ಆಯುಧಪೂಜೆ. ನಮ್ಮಲ್ಲಿ ಆ ದಿನ ಅನ್ನ ಕೊಡುವ, ಕೈಗೆ ಒದಗುವ ಎಲ್ಲಕ್ಕೂ ಪೂಜೆ. ಅಪ್ಪನ ಸೈಕಲ್ಲು, ಅಮ್ಮನ ಹೊಲಿಗೆ ಮೆಷಿನ್ನು, ಈಳಿಗೆ ಮಣೆ, ಒರಳು, ರೇಡಿಯೊ, ನನ್ನ ಜಾಮಿಟ್ರಿ ಬಾಕ್ಸು. ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಗಟ್ಟಿಯನ್ನು ಒದ್ದೆ ಅಂಗೈಯಲ್ಲಿ ತೇದು ಮೂರು ಬೆರಳಲ್ಲಿ ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ಚೆಂಡುಹೂ ಮುಡಿಸಬೇಕು. ಅಪ್ಪ ಬೂದುಗುಂಬಳಕಾಯಿ ತರಲು ಗಾಂಧಿಬಜಾರಿಗೆ ಹೋಗಿದ್ದ. ಪೂಜೆಯ ಕೆಲಸ ಅತ್ತೆಯದು. ಅವಳು ಹಾಡಿನ ಪೆಟ್ಟಿಗೆಗೆ ಪಟ್ಟೆ ಎಳೆದಳು. ಆಮೇಲೆ ಪ್ಲೇಟುಗಳನ್ನು ಒಂದೊಂದಾಗಿ ಕವರಿನಿಂದ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟಳು, ಪಂಕ್ತಿಗೆ ಎಲೆ ಹಾಕಿದ ಹಾಗೆ. ನಾನು ಪಕ್ಕದಲ್ಲೇ ಹೂ ಬಿಡಿಸುತ್ತಿದ್ದೆ.

"ನಡುವೆ ಕಾಗದ ಇದ್ಯಲ್ಲ ಅತ್ತೆ, ಅದಕ್ಕೆ ಹಚ್ತೀಯಾ?"

"ಕಾಗದಕ್ಕೆ ಯಾಕೆ ಹಚ್ಲಿ. ಹಾಡಿರೋದು ಕರೀ ಭಾಗದಲ್ಲಿ ತಾನೆ?"

ಹೌದಲ್ಲ ಎಂದು ನನಗೂ ಅನ್ನಿಸಿತು. ದೇವರಿಗೆ ಹಚ್ಚುವುದು ಹಣೆಗೇ ಹೊರತು ಕಿರೀಟಕ್ಕಲ್ಲ. ಅವಳು ಒಂದೊಂದು ಪ್ಲೇಟಿನ ಕರಿಯ ಮೈಗೂ, ಹಾಡು ಕೊರೆದ ಆ ಸಣ್ಣ ಗೆರೆಗಳಿಗೆ ಅಡ್ಡಲಾಗಿ, ಮೂರು ಬಿಳಿಯ ಪಟ್ಟೆ ಎಳೆದಳು. ತೌರಿನಮ್ಮನಿಗೆ ಎಲ್ಲರಿಗಿಂತ ದಪ್ಪಗೆ ಎಳೆದು, ಮೇಲೆ ಕುಂಕುಮವನ್ನೂ ನೀರಿನಲ್ಲಿ ಕಲಸಿ ಇಟ್ಟು, ಕೈಮುಗಿದಳು. ನೋಡಲು ಎಷ್ಟು ಚೆನ್ನಾಗಿತ್ತು ಎಂದರೆ, ಅಜ್ಜಿ ಕೂಡ ಬಂದು, ಈಗ ನೋಡು ನಮ್ಮೋರ ಥರ ಕಾಣ್ತಾರೆ ಎಂದಳು.

ಅಪ್ಪ ಕುಂಬಳಕಾಯಿ ಹೆಗಲ ಮೇಲಿಟ್ಟುಕೊಂಡು ಒಳಗೆ ಬಂದ. ಚಾಪೆ ನೋಡಿ ಕಾಯಿಯನ್ನು ಕೆಳಗಿಟ್ಟ. ಆ ಹೊತ್ತಿಗೆ ವಿಭೂತಿ ಒಣಗಿ ಗಾರೆಯಾಗಿತ್ತು. ಅವನು ಒದ್ದೆ ಬಟ್ಟೆ ತಂದು ಮೊದಲು ತೌರಿನಮ್ಮನ ಪ್ಲೇಟನ್ನೇ ತೆಗೆದುಕೊಂಡು ಒರೆಸಿದ. ಗೆರೆಗಳ ಒಳಗಿನದು ಬರಲಿಲ್ಲ. ಅಮ್ಮನ ಕುತ್ತಿಗೆಯ ಸರದಲ್ಲಿದ್ದ ಪಿನ್ನು ಇಸಿದುಕೊಂಡು ಕೆರೆಯತೊಡಗಿದ. ಇನ್ನೊಬ್ಬರ ವಸ್ತು, ಕೇಳಿದಾಗ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ, ಈಗ ಏನು ಮುಖ ಇಟ್ಟುಕೊಂಡು ಕಳಿಸಲಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಲೇ ಇದ್ದ. ಪಿನ್ನು ಕಿರ್ರೆಂದು ಜಾರಿತು. ಕರಿಯ ಮೈಮೇಲೆ ಉಗುರಿನಷ್ಟುದ್ದದ ಬಿಳಿಗೆರೆ ಮೂಡಿತು. ಅಪ್ಪ ಅದನ್ನೇ ನೋಡುತ್ತ ನಿಂತ.

"ನಾನು ಒಳ್ಳೇದಾಗ್ಲಿ ಅಂತ ಹಚ್ಚಿದೆ ಅಣ್ಣ," ಎಂದಳು ಅತ್ತೆ.

"ಇನ್ಮೇಲೆ ಈ ಪೆಟ್ಟಿಗೆ ಮುಟ್ಬೇಡ ನೀನು. ಇದ್ದ ಮನೆ ಹಾಳು ಮಾಡ್ಕೊಂಡು ಬಂದಿದ್ದು ಸಾಲ್ದಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ನಾನು ಶಾಲೆಯಲ್ಲಿ ವಿಸ್ತರಿಸಿ ಬರೆದು ಮಾರ್ಕು ತೆಗೆದಿದ್ದೆ. ಅದರ ಅರ್ಥ ಗೊತ್ತಾದದ್ದು ಅವತ್ತು ನಡುಮನೆಯಲ್ಲಿ. ಅಪ್ಪನ ಮುಖ ಅವನು ಆಡಿದ ಮಾತು ಅವನ ಕಿವಿಗೇ ಬಿದ್ದ ಹಾಗೆ ಬಿಳಚಿಕೊಂಡಿತು. ಅತ್ತೆ ಅಳಲಿಲ್ಲ. ಬೆರಳಿಗಂಟಿದ್ದ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಹಬ್ಬದ ಅಡುಗೆ ಮುಂದುವರಿಸಿದಳು. ಸಂಜೆ ಅಮ್ಮ ಉಳಿದ ಪ್ಲೇಟುಗಳನ್ನು ನಲ್ಲಿಯ ಕೆಳಗೆ ಹಿಡಿದು, ಸೋಪಿನ ನೀರಿನಲ್ಲಿ ಹತ್ತಿ ಅದ್ದಿ ಮೆತ್ತಗೆ ಉಜ್ಜಿದಳು. ವಿಭೂತಿಯೆಲ್ಲ ಹಾಲಿನ ಹಾಗೆ ಹರಿದುಹೋಯಿತು. ಸಿದ್ದಪ್ಪ, ರಾಚಪ್ಪ, ಗುರುಬಸಪ್ಪ ಯಾರಿಗೂ ಏನೂ ಆಗಿರಲಿಲ್ಲ. ಕೆಟ್ಟದ್ದು ಒಂದೇ ಒಂದು, ಅಪ್ಪನ ಕೈಯಾರೆ. ಅವನೇ ಅದನ್ನು ಎಲ್ಲರಿಗಿಂತ ಮೊದಲು ತಿಳಿದುಕೊಂಡ, ಮತ್ತು ಬಾಯಿ ಬಿಡಲಿಲ್ಲ.

ಅತ್ತೆ ಅಣ್ಣನ ಮಾತನ್ನು ಅಕ್ಷರಶಃ ನಡೆಸಿದಳು. ಅವಳ ಹಠ ಅಂಥದ್ದು, ಜಗಳವಾಡುವ ಹಠವಲ್ಲ, ವಿಧೇಯತೆಯ ಹಠ. ಮನೆಯೆಲ್ಲ ಗುಡಿಸಿ ಒರೆಸುವವಳು ಆ ಗೂಡನ್ನು ಮಾತ್ರ ಬಿಟ್ಟು ಒರೆಸುತ್ತಿದ್ದಳು. ಪೆಟ್ಟಿಗೆಯ ಮೇಲೆ ಧೂಳು ಕೂತರೆ ಅಮ್ಮನನ್ನು ಕರೆಯುತ್ತಿದ್ದಳು. ಮುಂದಿನ ವರ್ಷದ ಆಯುಧಪೂಜೆಯಲ್ಲಿ ಅಪ್ಪ ತಾನೇ ಪೆಟ್ಟಿಗೆಯನ್ನು ಚಾಪೆಗೆ ತಂದಿಟ್ಟು ದೂರ ಸರಿದು ನಿಂತ. ಅತ್ತೆ ಸೈಕಲ್ಲಿಗೆ, ಒರಳಿಗೆ, ನನ್ನ ಜಾಮಿಟ್ರಿ ಬಾಕ್ಸಿಗೆ ಪಟ್ಟೆ ಎಳೆದು ಪೆಟ್ಟಿಗೆಯನ್ನು ದಾಟಿ ಮುಂದಕ್ಕೆ ಹೋದಳು. ಮಾತುಕತೆಗೇನೂ ಕೊರತೆಯಿರಲಿಲ್ಲ. ಅಣ್ಣ ಕಾಫಿ, ಅಣ್ಣ ಸ್ನಾನಕ್ಕೆ ನೀರು ಕಾದಿದೆ, ಗಿರಿಜಾ ಸಾರು ಚೆನ್ನಾಗಿದೆ, ಎಲ್ಲ ಇತ್ತು. ಹಾಡು ಮಾತ್ರ ಇರಲಿಲ್ಲ. ಅಡುಗೆಮನೆಯಲ್ಲಿ ಅವಳು ಗುನುಗಿದ್ದನ್ನು ಕೂಡ ಮತ್ತೆ ನಾವ್ಯಾರೂ ಕೇಳಲಿಲ್ಲ. ಹಾರೆ ತನ್ನ ಪಾಡಿಗೆ ಲಯವಿಲ್ಲದೆ ಕುಟ್ಟುತ್ತಿತ್ತು.

ಅಪ್ಪ ಭಾನುವಾರ ತಪ್ಪಿಸಲಿಲ್ಲ. ಎಲ್ಲರದೂ ಆದಮೇಲೆ ಕೊನೆಗೆ ತೌರಿನಮ್ಮನನ್ನು ಹಾಕುತ್ತಿದ್ದ. ಅವಳು ಹಳ್ಳ ದಾಟಿ, ಗಿರಣಿ ದಾಟಿ, ಗೇಟಿನ ಹತ್ತಿರ ಬಂದು, ಇಟ್ಸ್ ಮೀ ಎಂದು ಕೂಗುತ್ತಿದ್ದಂತೆ ಪ್ಲೇಯರಿನ ಮುಳ್ಳು ಪಿನ್ನಿನ ಆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಇಟ್ಸ್ ಮೀ, ಇಟ್ಸ್ ಮೀ, ಇಟ್ಸ್ ಮೀ. ನಾನು ಬಂದಿದ್ದೇನೆ, ನಾನು ಬಂದಿದ್ದೇನೆ. ಅಪ್ಪ ಕುರ್ಚಿಯಿಂದ ಎದ್ದು ಬಂದು ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದ. ತಕ್ಷಣ ಮುಳ್ಳು ಎತ್ತುತ್ತಿರಲಿಲ್ಲ. ಕೈ ಪೆಟ್ಟಿಗೆಯ ಅಂಚಿನ ಮೇಲೆ, ಮುಖ ಅಡುಗೆಮನೆಯ ಕಡೆಗೆ. ಒಂದಷ್ಟು ಹೊತ್ತು ಹಾಗೇ ನಿಂತಿದ್ದು, ಆಮೇಲೆ ಮುಳ್ಳನ್ನು ಎತ್ತಿ ಅದರ ಜಾಗದಲ್ಲಿಟ್ಟು ಮುಚ್ಚಳ ಹಾಕುತ್ತಿದ್ದ. ಮುಳ್ಳನ್ನು ಸ್ವಲ್ಪ ಮುಂದಕ್ಕೆ ತಳ್ಳಿದ್ದರೆ ಹಾಡು ಮುಂದೆ ಹೋಗುತ್ತಿತ್ತು. ಅವನು ತಳ್ಳಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ವಯಸ್ಸಾಗುತ್ತ ಹೋದಂತೆ ಅವನು ನಿಲ್ಲುವ ಹೊತ್ತು ಉದ್ದವಾಗುತ್ತ ಹೋಯಿತು. ಮಂಡಿ ನೋವಿಗೆ ನಿಧಾನವಾಗಿದ್ದಾನೆ ಎಂದುಕೊಂಡೆವು ನಾವು.

ನಾನು ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದೆ. ಅಜ್ಜಿ ಹೋದಳು, ಕೆಲವು ವರ್ಷಕ್ಕೆ ಅಮ್ಮನೂ ಹೋದಳು. ಮನೆಯಲ್ಲಿ ಉಳಿದವರು ಅಣ್ಣ ಮತ್ತು ತಂಗಿ. ಭಾನುವಾರ ನಾನು ಹೋಗುತ್ತಿದ್ದೆ. ಡೆಸ್ಮಂಡ್ ಅಂಕಲ್ ಪ್ಲೇಟು ಕಳಿಸು ಎನ್ನಲೇ ಇಲ್ಲ. ಮೊದಮೊದಲು ಕ್ರಿಸ್‌ಮಸ್‌ಗೆ ಒಂದು ಕಾರ್ಡು ಬರುತ್ತಿತ್ತು, ಆಮೇಲೆ ಅದೂ ನಿಂತುಹೋಯಿತು. ಯಾರಿಗೆ ಮುಖ ತೋರಿಸುವುದು ಹೇಗೆಂದು ಅಪ್ಪ ಅವತ್ತು ಹಾಗೆ ಕಂಗಾಲಾಗಿದ್ದನೋ ಅವರಿಗೆ ಅದರ ನೆನಪೇ ಇತ್ತೋ ಇಲ್ಲವೋ.

ಅಪ್ಪನ ಕೊನೆಯ ತಿಂಗಳಲ್ಲಿ ಮಂಚವನ್ನು ನಡುಮನೆಗೆ ಹಾಕಿದ್ದೆವು. ಒಂದು ಮಧ್ಯಾಹ್ನ, ಭಾನುವಾರವೇ, ಹಾಕಮ್ಮ ಎಂದ. ನಾನು ತೌರಿನಮ್ಮನನ್ನು ಹಾಕಿ ಅವನ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಗೇಟಿನ ಹತ್ತಿರ ಮುಳ್ಳು ಸಿಕ್ಕಿಕೊಂಡಿತು. ಅಪ್ಪನಿಗೆ ಏಳಲಾಗದು. ಅತ್ತೆ ಚೌಕಟ್ಟಿನಲ್ಲಿ ಬಂದು ನಿಂತಿದ್ದು ಹಿತ್ತಲ ಬಾಗಿಲಿನಿಂದ ನನಗೆ ಕಾಣಿಸಿತು.

"ಗಿರಿಜಾ, ಆ ಮುಳ್ಳು ತೆಗಿ."

"ಮುಟ್ಬೇಡ ಅಂದಿದ್ಯಲ್ಲ ಅಣ್ಣ."

ಇಟ್ಸ್ ಮೀ, ಇಟ್ಸ್ ಮೀ ಎಂದು ತೌರಿನಮ್ಮ ಕೂಗುತ್ತಲೇ ಇದ್ದಳು. ನಾನು ಒದ್ದೆ ಪಂಚೆ ಹಿಡಿದುಕೊಂಡು ಅಲ್ಲೇ ನಿಂತೆ. ಈಗ ಹೇಳುತ್ತಾನೆ, ಈಗ ಹೇಳಿಬಿಡುತ್ತಾನೆ ಎಂದು ಕಾದೆ. ಅಪ್ಪನ ತುಟಿ ಅಲ್ಲಾಡಿತು. ಅಷ್ಟರಲ್ಲಿ ಕರೆಂಟು ಹೋಯಿತು. ಪ್ಲೇಟು ನಿಧಾನವಾಗುತ್ತ, ಹೆಂಗಸಿನ ದನಿ ಗಂಡಸಿನದಾಗಿ, ಗಂಡಸಿನದು ಎಮ್ಮೆಯದಾಗಿ, ನಿಂತಿತು.

"ಕರೆಂಟ್ ಹೋಯ್ತು," ಎಂದ ಅಪ್ಪ.

"ಹ್ಞೂಂ," ಎಂದಳು ಅತ್ತೆ. "ಗಂಜಿ ತರ್ತೀನಿ ಇರು."

ಅದೇ ವಾರ ಅವನು ಹೋದ. ಅಷ್ಟು ವರ್ಷ ಅಣ್ಣ ತಂಗಿಯ ನಡುವೆ ಬೆಳೆದುಕೊಂಡು ಬಂದದ್ದು ಕರೆಂಟಿನ ಮಾತಿನಲ್ಲಿ ಮುಗಿದುಹೋಯಿತಲ್ಲ ಎಂದು ನನಗೆ ಇವತ್ತಿಗೂ ತಡೆಯದ ಸಂಕಟ. ಕರೆಂಟು ಇದ್ದಿದ್ದರೆ ಅವನು ತಪ್ಪಾಯ್ತು ಎನ್ನುತ್ತಿದ್ದ ಎಂದು ನಾನು ನಂಬಿಕೊಂಡಿದ್ದೇನೆ. ನಂಬಿಕೊಳ್ಳುವುದಕ್ಕೆ ಏನು ಖರ್ಚು.

ಆಮೇಲೆ ಆ ಮನೆ ಬಾಡಿಗೆಗೆ ಹೋಯಿತು, ಅತ್ತೆ ನನ್ನ ಮನೆಗೆ ಬಂದಳು. ಪೆಟ್ಟಿಗೆಗಳು ಅಟ್ಟ ಸೇರಿದವು. ಪ್ಲೇಯರಿನ ರಬ್ಬರು ಕರಗಿ ಅಂಟಾಗಿತ್ತು. ಇಪ್ಪತ್ತು ವರ್ಷ ಹಾಗೇ ಇತ್ತು. ಹೋದ ಸಲ ಅಟ್ಟ ಸ್ವಚ್ಛ ಮಾಡಿಸುವಾಗ ಅದು ಕೈಗೆ ಸಿಕ್ಕಿತು. ಈಗ ಇಂಥವಕ್ಕೆ ಮತ್ತೆ ಬೆಲೆ ಬಂದಿದೆಯಂತೆ, ಬನಶಂಕರಿಯಲ್ಲಿ ಒಬ್ಬರು ರಿಪೇರಿ ಮಾಡಿಕೊಟ್ಟರು. ಸಿದ್ದಪ್ಪ, ರಾಚಪ್ಪ ಎಲ್ಲರೂ ಇವತ್ತು ಮೊಬೈಲಿನಲ್ಲೇ ಸಿಗುತ್ತಾರೆ, ಅವರ ನಿಜವಾದ ಹೆಸರು, ಊರು, ಯಾರ ಮೊದಲ ಹೆಂಡತಿ ಯಾರು ಎಂಬ ತನಕ. ತೌರಿನಮ್ಮ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವಳಿರುವುದು ನಮ್ಮ ಮನೆಯಲ್ಲಿ ಮಾತ್ರವೇನೋ.

ಗಿರಿಜತ್ತೆಗೆ ಈಗ ಎಂಬತ್ತು ದಾಟಿದೆ. ಕಿವಿ ಚುರುಕು, ಮರೆವು ಜಾಸ್ತಿ. ಪೆಟ್ಟಿಗೆ ರಿಪೇರಿಯಾಗಿ ಬಂದ ಮಾರನೆಯ ಬೆಳಿಗ್ಗೆ ಅವಳು ಸೋಫಾದ ಮೇಲೆ ಕೂತು ಅವರೆಕಾಳು ಚಿಲುಕುತ್ತಿದ್ದಳು. ನಾನು ಏನೂ ಹೇಳದೆ ಪ್ಲೇಟು ಹಾಕಿದೆ. ಅವಳ ಕೈ ನಿಂತಿತು. ತೌರಿನಮ್ಮ ಹಳ್ಳ ದಾಟಿದಳು, ಗಿರಣಿ ದಾಟಿದಳು, ಗೇಟಿಗೆ ಬಂದಳು. ಇಟ್ಸ್ ಮೀ, ಇಟ್ಸ್ ಮೀ, ಇಟ್ಸ್ ಮೀ. ನಾನು ಅಪ್ಪ ನಿಲ್ಲುತ್ತಿದ್ದ ಹಾಗೆಯೇ ಪೆಟ್ಟಿಗೆಯ ಅಂಚು ಹಿಡಿದು ಅವಳ ಕಡೆ ತಿರುಗಿ ನಿಂತಿದ್ದೇನೆ ಎಂದು ಆಗ ಗಮನಕ್ಕೆ ಬಂತು. ಹಾಗೆ ನಿಂತ ಮೇಲೆಯೇ ಅವನು ಯಾವುದಕ್ಕೆ ಕಾಯುತ್ತಿದ್ದ ಎಂಬುದು ನನಗೆ ಹೊಳೆದದ್ದು. ಪ್ಲೇಟು ನಿಲ್ಲಿಸಿದ ಕಡೆಯಿಂದ ತಂಗಿ ಎತ್ತಿಕೊಳ್ಳಲಿ ಎಂದು ಕಾಯುತ್ತಿದ್ದ.

"ಅತ್ತೆ, ಅಪ್ಪ ಇಲ್ಲಿ ಸುಮ್ನೆ ನಿಂತ್ಕೊತಿದ್ದನಲ್ಲ. ಯಾಕೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು. ನಾನು ಹಾಡ್ಲಿ ಅಂತ."

"ಮತ್ತೆ ಯಾಕೆ ಹಾಡ್ಲಿಲ್ಲ?"

"ಬಾಯ್ಬಿಟ್ಟು ಕೇಳ್ಲಿ ಅಂತ," ಎಂದಳು. ಒಂದು ಕಾಳು ಚಿಲುಕಿ ಪಾತ್ರೆಗೆ ಹಾಕಿ, "ಅವನು ಕೇಳೋನಲ್ಲ, ನಾನು ಬಗ್ಗೋಳಲ್ಲ. ಮುಗೀತಲ್ಲ ಎಲ್ಲಾ," ಎಂದಳು.

"ನಾನು ಕೇಳ್ತಾ ಇದೀನಿ. ಈಗ ಹಾಡು."

ಅವಳು ಕಾಳಿನ ಪಾತ್ರೆ ಪಕ್ಕಕ್ಕಿಟ್ಟು ನೆಟ್ಟಗೆ ಕೂತಳು. ಇಸ್ ಮೀ ಎಂದಳು, ತಗ್ಗಿದ ದನಿಯಲ್ಲಿ. ಸೀಳು ಸರಿಯಾಗಿ ಅದೇ ಜಾಗದಲ್ಲಿ ಬಂತು. ಆಮೇಲೆ ಬಾಯಿ ತೆರೆದೇ ಇತ್ತು, ಏನೂ ಬರಲಿಲ್ಲ.

"ಮುಂದಿಂದು ಬರ್ತಾ ಇಲ್ಲ ಕಣೆ. ಎಲ್ಹೋಯ್ತೋ." ಅವಳು ಗಾಬರಿಯಾಗಿದ್ದಳು, ಸೊಂಟದ ಬೀಗದಕೈ ಕಾಣದಾದವಳ ಹಾಗೆ. "ಅದನ್ನ ನೀನೇ ಮುಂದಕ್ಕೆ ತಳ್ಳು. ನಾನು ಮುಟ್ಟಲ್ಲ."

ನಾನು ಬೆರಳ ತುದಿಯಿಂದ ಮುಳ್ಳನ್ನು ಗೀರು ದಾಟಿಸಿದೆ. ಆಯುಧಪೂಜೆಯ ಆ ದಿನದಿಂದ ನಮ್ಮ ಮನೆ ಕೇಳದಿದ್ದ ಕೊನೆಯ ಚರಣ ಶುರುವಾಯಿತು. ಒಂಬತ್ತು ವರ್ಷದವಳಿಗೆ ಬಾರದಿದ್ದ ಇಂಗ್ಲಿಷ್ ಈಗ ನನಗೆ ಬರುತ್ತದೆ. ಗೇಟಿನಾಚೆ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. ಕಿಟಕಿಗಳಿಗೆ ಹಲಗೆ ಬಡಿದಿದ್ದಾರೆ. ಅವಳು ಅಣ್ಣನನ್ನು ಕೂಗುತ್ತಾಳೆ, ಅಮ್ಮನನ್ನು ಕೂಗುತ್ತಾಳೆ. ಒಳಗೆ ಯಾರೂ ಇಲ್ಲ. ಯಾರೂ ಬಾಗಿಲು ತೆಗೆಯುವುದಿಲ್ಲ. ಗಿಟಾರು ಜಾರುತ್ತ ಹೋಗಿ ನಿಂತಿತು, ಪ್ಲೇಟು ಬರಿದೇ ಕರಕರ ಎಂದು ತಿರುಗಿತು. ನಾನು ಮುಳ್ಳು ಎತ್ತಿಟ್ಟೆ. ಬಾಗ್ಲು ತೆಗೆದ್ರಾ ಎಂದು ಅಜ್ಜಿ ಕೇಳಿದಾಗ ಅಪ್ಪ ಅವತ್ತು ಹುಡುಕುತ್ತಿದ್ದದ್ದು ಇಂಗ್ಲಿಷಿಗೆ ಕನ್ನಡವನ್ನಲ್ಲ, ತಂಗಿಯ ಮುಂದೆ ಹೇಳಬಹುದಾದ ಬೇರೊಂದು ಕೊನೆಯನ್ನು. ಮುಳ್ಳನ್ನು ಅವನು ಮುಂದಕ್ಕೆ ತಳ್ಳದೆ ಇದ್ದದ್ದು ಈ ಮುಚ್ಚಿದ ಬಾಗಿಲಿಗಾಗಿಯೂ ಇರಬೇಕು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೊನೇಲಿ ಬಾಗ್ಲು ತೆಗೆದ್ರು ಅಲ್ವಾ?"

"ತೆಗೆದ್ರು ಅತ್ತೆ."

"ಊಟ ಆಯ್ತಾ ಅಂತ ಕೇಳಿದ್ರಾ?"

"ಕೇಳಿದ್ರು."

"ಹ್ಞೂಂ ಮತ್ತೆ," ಎಂದು ಅವಳು ಅವರೆಕಾಳಿನ ಪಾತ್ರೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಅಣ್ಣ ಸುಳ್ಳು ಹೇಳೋನಲ್ಲ."